ಕಾಣದೆ ಅಳಿದ ನಕ್ಷತ್ರಗಳ ಲೆಕ್ಕ



ಇರುಳಿನಲ್ಲಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದವರಿಗೆ ನಕ್ಷತ್ರಗಳು ನಿತ್ಯವೆಂದೇ ತೋರುತ್ತವೆ. ಅಜ್ಜ ನಮಗೆ ತೋರಿಸಿದ ಸಪ್ತರ್ಷಿ ಮಂಡಲವನ್ನೇ ನಾವು ಮೊಮ್ಮಕ್ಕಳಿಗೂ ತೋರಿಸುತ್ತೇವೆ. ಆದರೆ ನಕ್ಷತ್ರಕ್ಕೂ ಹುಟ್ಟುಂಟು, ಬಾಳುಂಟು, ಅಳಿವುಂಟು. ಸೂರ್ಯನಿಗಿಂತ ಸುಮಾರು ಎಂಟು ಪಟ್ಟಿಗೂ ಮಿಗಿಲಾದ ದ್ರವ್ಯವುಳ್ಳ ನಕ್ಷತ್ರವು ಒಡಲಿನ ಇಂಧನ ತೀರಿದಾಗ ಒಳಕ್ಕೆ ಕುಸಿದು ಸಿಡಿದುಹೋಗುತ್ತದೆ. ಇಂತಹ ಸಿಡಿತಕ್ಕೆ ಸೂಪರ್‌ನೋವಾ ಎಂದು ಹೆಸರು. ಅದರ ಉಜ್ವಲ ಬೆಳಕು ಕೆಲವು ತಿಂಗಳುಗಳಲ್ಲಿ ಮಾಸುತ್ತದೆ. ಚೆಲ್ಲಿದ ದ್ರವ್ಯವಾದರೋ ಸಾವಿರಾರು ವರ್ಷ ಗುಳ್ಳೆಯಂತೆ ಹಿಗ್ಗುತ್ತಲೇ ಇರುತ್ತದೆ. ಇದೇ ಸೂಪರ್‌ನೋವಾ ಅವಶೇಷ.

ನಮ್ಮ ಆಕಾಶಗಂಗೆಯೊಳಗೆ ಜನರು ಬರಿಗಣ್ಣಿನಿಂದ ಕಂಡು ದಾಖಲಿಸಿದ ಕೊನೆಯ ಸೂಪರ್‌ನೋವಾ 1604ರದು. ಖಗೋಳಜ್ಞ ಕೆಪ್ಲರ್ ಅದನ್ನು ಶ್ರದ್ಧೆಯಿಂದ ಗಮನಿಸಿ ಗ್ರಂಥವನ್ನೇ ಬರೆದನು. ಆದರೆ ನೂರು ವರ್ಷಕ್ಕೆ ಒಂದೆರಡು ನಕ್ಷತ್ರಗಳಾದರೂ ಇಲ್ಲಿ ಸಿಡಿಯಬೇಕೆಂಬುದು ವಿಜ್ಞಾನಿಗಳ ಅಂದಾಜು. ಹಾಗಾದರೆ ಉಳಿದವು ಎಲ್ಲಿ? ನಕ್ಷತ್ರಗಳ ನಡುವೆ ಹಬ್ಬಿರುವ ಧೂಳು ಅವುಗಳ ಬೆಳಕನ್ನು ಮರೆಮಾಡಿದೆ. ಅಲ್ಲದೆ ನಾವು ಆಕಾಶಗಂಗೆಯ ಒಳಗೇ ಇದ್ದೇವೆ. ಜಾತ್ರೆಯ ನಡುವೆ ಸಿಕ್ಕವನು ಜಾತ್ರೆಯ ಜನರನ್ನು ಎಣಿಸಲಾರ. ಎದುರಿನ ಗುಡ್ಡದ ಮೇಲೆ ನಿಂತವನು ಎಣಿಸಬಲ್ಲ. ನೆರೆಯ ಗೆಲಾಕ್ಸಿಗಳ ಮಟ್ಟಿಗೆ ನಾವು ಗುಡ್ಡದ ಮೇಲಿನವರು. ಒಂದು ಗೆಲಾಕ್ಸಿಯಲ್ಲಿರುವ ಅವಶೇಷಗಳೆಲ್ಲವೂ ನಮಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಯಾವುದು ಹಿರಿದು, ಯಾವುದು ಕಿರಿದು ಎಂದು ಹೋಲಿಸಿ ನೋಡುವುದು ಸುಲಭ.

ಈ ಎಣಿಕೆಗೆ ನೆರವಾದುದು ರೇಡಿಯೋ ದೂರದರ್ಶಕ. ಸಿಡಿತದ ಆಘಾತಕ್ಕೆ ಸಿಲುಕಿದ ಇಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಬಂದು, ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೋ ತರಂಗಗಳನ್ನು ಹೊರಸೂಸುತ್ತವೆ. ಈ ತರಂಗಗಳನ್ನು ಧೂಳು ತಡೆಯಲಾರದು. ಹೊಸ ನಕ್ಷತ್ರಗಳ ಸುತ್ತಲಿನ ಕಾದ ಅನಿಲವೂ ರೇಡಿಯೋ ತರಂಗಗಳನ್ನು ಸೂಸುತ್ತದೆಯಾದ ಕಾರಣ, ಒಂದೇ ತಾಣವನ್ನು ಎರಡು ತರಂಗಾಂತರಗಳಲ್ಲಿ ನೋಡಬೇಕಾಗುತ್ತದೆ. ತರಂಗಾಂತರ ಕಿರಿದಾದಂತೆ ಅವಶೇಷದ ಪ್ರಖರತೆ ಕುಗ್ಗುತ್ತದೆ. ಅನಿಲದ ಪ್ರಖರತೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗೆ ಹುಟ್ಟಿನ ಮನೆಯಾವುದು, ಸಾವಿನ ಮನೆಯಾವುದು ಎಂಬುದು ತಿಳಿಯುತ್ತದೆ.

ನಮ್ಮ ಆಕಾಶಗಂಗೆಯ ಆಚೆ ಮೊದಲ ಅವಶೇಷಗಳು ಗುರುತಾದುದು 1964ರಲ್ಲಿ. ದಕ್ಷಿಣ ಗೋಳಾರ್ಧದವರಿಗೆ ಬರಿಗಣ್ಣಿಗೆ ಮೋಡದ ತುಣುಕಿನಂತೆ ಕಾಣುವ ಹಿರಿಯ ಮೆಗಲಾನಿಕ್ ಮೋಡವೆಂಬ ಗೆಲಾಕ್ಸಿಯು ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿದೆ. ಆಸ್ಟ್ರೇಲಿಯದ ಮ್ಯಾಥ್ಯೂಸನ್ ಮತ್ತು ಹೀಲಿ ಎಂಬ ವಿಜ್ಞಾನಿಗಳು ಅಲ್ಲಿ ಮೂರು ಅವಶೇಷಗಳನ್ನು ಗುರುತಿಸಿದರು. ಇಂದು ಅದೇ ಗೆಲಾಕ್ಸಿಯಲ್ಲಿ ದೃಢಪಟ್ಟವುಗಳ ಸಂಖ್ಯೆ 70ನ್ನು ಮೀರಿದೆ.

ಇನ್ನೂ ಸೋಜಿಗದ ಸಂಗತಿ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ 82 ಎಂಬ ಗೆಲಾಕ್ಸಿಯದು. ದೂರ ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ. ಅದರ ನಡುಭಾಗ ಧೂಳಿನಲ್ಲಿ ಮುಳುಗಿದೆ. ಇಂಗ್ಲೆಂಡಿನ ಮರ್ಲಿನ್ ಹಾಗೂ ಅಮೆರಿಕದ ವಿ.ಎಲ್.ಎ. ದೂರದರ್ಶಕಗಳಿಂದ ನೋಡಿದವರು 1994ರಲ್ಲಿ ಅಲ್ಲಿ ಸುಮಾರು 50 ರೇಡಿಯೋ ಬಿಂದುಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ ಬಹುಪಾಲು ಸೂಪರ್‌ನೋವಾ ಅವಶೇಷಗಳೇ. ಅವುಗಳ ಗಾತ್ರವನ್ನೂ ಹಿಗ್ಗುವ ವೇಗವನ್ನೂ ಲೆಕ್ಕ ಹಾಕಿದಾಗ, ಅಲ್ಲಿ ಸುಮಾರು 20 ವರ್ಷಕ್ಕೊಂದು ನಕ್ಷತ್ರ ಸಿಡಿಯುತ್ತಿದೆ ಎಂದು ತಿಳಿದುಬಂದಿತು.

ಈ ಒಂದು ಗೆಲಾಕ್ಸಿಯಲ್ಲಿಯೇ ನಡೆದ ಎರಡು ಘಟನೆಗಳು ಮನನಯೋಗ್ಯವಾಗಿವೆ. 2009ರಲ್ಲಿ ಬ್ರುಂಥಾಲರ್ ಮತ್ತು ಸಂಗಡಿಗರು ವಿ.ಎಲ್.ಎ. ಚಿತ್ರಗಳಲ್ಲಿ ಹೊಸದೊಂದು ಪ್ರಖರ ಬಿಂದುವನ್ನು ಕಂಡರು. ಹಳೆಯ ದಾಖಲೆಗಳನ್ನು ತೆರೆದು ನೋಡಲಾಗಿ, ಆ ಸಿಡಿತದ ಸುದ್ದಿ 2008ರ ಆರಂಭದಲ್ಲಿಯೇ ಭೂಮಿಗೆ ಮುಟ್ಟಿತ್ತು. ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಯಾರಿಗೂ ಗೋಚರಿಸಿರಲಿಲ್ಲ. ಇನ್ನೊಂದು, 2014ರ ಜನವರಿ 21ರಂದು ಲಂಡನ್ನಿನಲ್ಲಿ ಅಧ್ಯಾಪಕ ಸ್ಟೀವ್ ಫಾಸಿ ವಿದ್ಯಾರ್ಥಿಗಳಿಗೆ ದೂರದರ್ಶಕದ ಬಳಕೆಯನ್ನು ಕಲಿಸುತ್ತಿದ್ದಾಗ ಕಣ್ಣಿಗೆ ಬಿದ್ದ ಸೂಪರ್‌ನೋವಾ. ಅದನ್ನು ಜಗತ್ತಿನ ಹವ್ಯಾಸಿಗಳೆಲ್ಲ ಸಣ್ಣ ದೂರದರ್ಶಕಗಳಲ್ಲಿ ನೋಡಿ ನಲಿದರು. ಅದು ಬೇರೊಂದು ಬಗೆಯ ಸಿಡಿತ. ಸೂಕ್ಷ್ಮವಾಗಿ ಹುಡುಕಿದರೂ ಅದರಿಂದ ರೇಡಿಯೋ ತರಂಗ ದೊರೆಯಲಿಲ್ಲ. ಕಣ್ಣೊಂದನ್ನೇ ನಂಬಿದವನ ಲೆಕ್ಕದಲ್ಲಿ ಮೊದಲನೆಯದು ತಪ್ಪುತ್ತದೆ. ರೇಡಿಯೋವೊಂದನ್ನೇ ನಂಬಿದವನ ಲೆಕ್ಕದಲ್ಲಿ ಎರಡನೆಯದು ತಪ್ಪುತ್ತದೆ.

ಇದನ್ನೆಲ್ಲ ನಮ್ಮ ಶರಣರು ಅಂದೇ ಅರಿತಿದ್ದರೆಂದು ಹೇಳುವ ಚಪಲ ಬೇಡ. ಅದರಿಂದ ಅವರ ಹಿರಿಮೆ ಹೆಚ್ಚುವುದಿಲ್ಲ. ಆದರೆ ಅಳಿದುದರ ಕುರುಹನ್ನು ಅರಸಿ ಲೆಕ್ಕವಿಡುವ ಕಾಯಕ ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಶತಮಾನಗಳ ಮೇಲೆ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ, ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಜಗುಲಿಯ ಮೇಲೆ ಧೂಳು ಹಿಡಿದಿದ್ದ ಕಟ್ಟುಗಳನ್ನು ಬಿಚ್ಚದೆ ಹೋಗಿದ್ದರೆ ಎಷ್ಟೋ ಶರಣ ಶರಣೆಯರ ಹೆಸರೂ ನಮಗೆ ದಕ್ಕುತ್ತಿರಲಿಲ್ಲ.

ಪತ್ರಿಕೆಗಳ ಪುಟಗಳಲ್ಲಿ ಲಿಂಗೈಕ್ಯರಾದ ಹಿರಿಯರ ಭಾವಚಿತ್ರಗಳು ಅಚ್ಚಾಗುತ್ತವೆ. ಅದು ಉಚಿತವೇ. ಆದರೆ ಭಾವಚಿತ್ರವೇ ಇಲ್ಲದ ತಾಯಂದಿರು, ಹೊಲದಲ್ಲಿ, ಮಗ್ಗದಲ್ಲಿ, ಮಠದ ದಾಸೋಹದ ಒಲೆಯ ಮುಂದೆ ಬಾಳು ಸವೆಸಿ ಸದ್ದಿಲ್ಲದೆ ಹೋದವರು ಎಷ್ಟು ಮಂದಿ! ನಾವು ಕಾಣಲಿಲ್ಲವೆಂದ ಮಾತ್ರಕ್ಕೆ ಅವರು ಬೆಳಗಲಿಲ್ಲವೆಂದು ಅರ್ಥವಲ್ಲ. ನಕ್ಷತ್ರದ ಅವಶೇಷವಾದರೂ ಕಾಲ ಮೀರಿದರೆ ಬಯಲಿನಲ್ಲಿ ಬೆರೆತು ಗುರುತು ಸಿಗದಂತಾಗುತ್ತದೆ. ಮನೆಯ ಹಿರಿಯರ ನೆನಪೂ ಹಾಗೆಯೇ. ಬಲ್ಲವರು ಇರುವಾಗಲೇ ಕೇಳಿ, ಆ ಹೆಸರುಗಳನ್ನೂ ಅವರ ಕಾಯಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡೋಣ.