ಷಡ್ಡಕರ ಪಂದ್ಯ

ಒಂದೇ ಮನೆಯ ಇಬ್ಬರು ಅಳಿಯಂದಿರ ನಡುವೆ ನಡೆಯುವ ಪೈಪೋಟಿಯು ಯಾವ ಶಾಸ್ತ್ರದಲ್ಲಿಯೂ ಬರೆದುದಲ್ಲ. ಆದರೂ ಅದನ್ನರಿಯದ ಸಂಸಾರಸ್ಥರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಹಬ್ಬಕ್ಕೆ ಯಾರು ಮೊದಲು ಬಂದರು, ಯಾರ ಎಲೆಗೆ ಒಬ್ಬಟ್ಟು ಮೊದಲು ಬಿದ್ದಿತು, ಅತ್ತೆಯವರು ಯಾರ ಮಾತಿಗೆ ತಲೆದೂಗಿದರು ಎಂಬ ಲೆಕ್ಕವನ್ನು ನಾವೂ ನಮ್ಮ ಷಡ್ಡಕರೂ 40 ವರ್ಷಗಳಿಂದ ಮನಸ್ಸಿನಲ್ಲಿಯೇ ಬರೆದಿಟ್ಟುಕೊಂಡು ಬಂದಿದ್ದೇವೆ. ಅವರು ಹಿರಿಯಳಿಯಂದಿರು, ನಾವು ಅವರನ್ನು ‘ಭಾವ’ ಎನ್ನುತ್ತೇವೆ, ಅವರು ನಮ್ಮನ್ನು ‘ರಾಯರೇ’ ಎನ್ನುತ್ತಾರೆ. ನಾಲಗೆಯ ಮೇಲೆ ಸಕ್ಕರೆ, ಒಳಗೆ ತಕ್ಕಡಿ. ಕಳೆದ ದಸರೆಯ ರಜೆಯಲ್ಲಿ, ಕಡೂರಿನ ಅತ್ತೆಯವರ ಮನೆಯಲ್ಲಿ, ಆ ತಕ್ಕಡಿಯನ್ನು ಹುಡುಗರು ಬೀದಿಗೆ ತಂದು ತೂಗಿಬಿಟ್ಟರು.

ಅವರು ಹೂಡಿದುದು ಹುಡುಕಾಟದ ಪಂದ್ಯ. ಒಗಟಿನಂತಹ ಚೀಟಿಯೊಂದನ್ನು ಕೈಗೆ ಕೊಡುವುದು. ಅದನ್ನು ಬಿಡಿಸಿ ಹೇಳಿದೆಡೆಗೆ ಹೋಗಿ, ಕೇಳಿದುದನ್ನು ಕಂಡು, ತರಹೇಳಿದುದನ್ನು ತಂದು, ಎದುರಾಳಿಗಿಂತ ಮೊದಲು ಮನೆ ಸೇರುವುದು. ಅಮೆರಿಕದ ಎಲ್ಸಾ ಮ್ಯಾಕ್ಸ್‌ವೆಲ್ ಎಂಬ ಮಹಿಳೆಯು 1930ರ ದಶಕದಲ್ಲಿ ಇಂತಹ ಆಟವನ್ನು ಸಿರಿವಂತರ ಕೂಟಗಳಲ್ಲಿ ಬಳಕೆಗೆ ತಂದಳು. 1936ರಲ್ಲಿ ತೆರೆಕಂಡ ‘ಮೈ ಮ್ಯಾನ್ ಗಾಡ್‌ಫ್ರೆ’ ಎಂಬ ಚಿತ್ರದಲ್ಲಿ, ಹುಡುಕಿ ತರಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ದಿಕ್ಕಿಲ್ಲದ ಒಬ್ಬ ಮನುಷ್ಯನೂ ಸೇರಿರುತ್ತಾನೆ! ಆಟದ ಅಮಲಿನಲ್ಲಿ ಮನುಷ್ಯನೂ ಒಂದು ಪದಾರ್ಥವಾಗುವನೆಂಬುದನ್ನು ಆ ಚಿತ್ರವು ನಗಿಸುತ್ತಲೇ ತೋರಿಸುತ್ತದೆ. ನಮ್ಮವರಿಗೂ ಈ ಬಗೆಯ ಆಟ ಹೊಸದಲ್ಲ. ಮದುವೆಯ ಮನೆಯಲ್ಲಿ ಕೊಡದ ನೀರಿನೊಳಕ್ಕೆ ಉಂಗುರವನ್ನು ಹಾಕಿ ವಧೂವರರಿಂದ ಹುಡುಕಿಸುವುದೂ, ಬೀಗರು ಬೀಗರಿಗೆ ಒಗಟು ಹಾಕಿ ಸೋಲಿಸುವುದೂ ಇದರ ಅಕ್ಕತಂಗಿಯರೇ ಅಲ್ಲವೆ?

ನಿಬಂಧನೆಗಳು ಸರಳವಾಗಿದ್ದುವು. ಬಸ್ಸು ಅಥವಾ ರೈಲು ಮಾತ್ರ. ಮೊಬೈಲಿನಲ್ಲಿ ಉತ್ತರ ಹುಡುಕತಕ್ಕದ್ದಲ್ಲ. ದಾರಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ನಮ್ಮ ಜೊತೆಗೆ ನಮ್ಮ ಮೊಮ್ಮಗ. ಭಾವನವರ ಜೊತೆಗೆ ಅವರ 9 ವರ್ಷದ ಮೊಮ್ಮಗಳು. ಕಡೂರಿನ ತೆಂಗಿನಕಾಯಿ, ಅಜ್ಜಂಪುರದ ಈರುಳ್ಳಿ, ತರೀಕೆರೆಯ ಅಡಕೆ, ಇವು ಮೂರೂ ಸಂಜೆಗೆ ಅತ್ತೆಯವರ ಮುಂದೆ ಬರಬೇಕು.

ಮೊದಲ ಚೀಟಿಯು, ಜಿಲ್ಲೆಗೆ ಹೆಸರು ಕೊಟ್ಟು ತಾನು ಮಾತ್ರ ತಾಲ್ಲೂಕಾಗಿಯೇ ಉಳಿದ ಊರಿನಲ್ಲಿ ಕಾಯಿ ಕೊಳ್ಳೆಂದಿತು. ಇಂದಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೂ ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದಿತು. 1901ರಲ್ಲಿ ರೈಸ್ ಸಾಹೇಬರು ಇಲ್ಲಿಯ ಶಾಸನಗಳನ್ನು ಅಚ್ಚು ಹಾಕಿಸಿದ ಸಂಪುಟಕ್ಕೂ ಅದೇ ಹೆಸರು. ಇದು ಬಿಡಿಸುವುದಕ್ಕೆ ಮುಂಚೆಯೇ ಬಿಚ್ಚಿಕೊಂಡ ಗಂಟು. ಕಾಯಿ ಕೊಂಡು ಎರಡು ಪಕ್ಷದವರೂ ನಿಲ್ದಾಣದಲ್ಲಿ ಮುಖಾಮುಖಿಯಾದೆವು.

ಎರಡನೆಯ ಚೀಟಿಯಲ್ಲಿ, ಬೆಣ್ಣೆಯ ಹೆಸರಿನಿಂದ ಹೊರಟು ಅಮೃತದ ಹೆಸರಿಗೆ ಬಂದ ಮಂದೆಯ ಊರಿಗೆ ಹೋಗೆಂದಿದ್ದಿತು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಹಾಲಿಗಿಂತ ನಡಿಗೆಗೇ ಹೆಸರಾಗಿ, ದಂಡಿನ ಸಾಮಾನುಗಳನ್ನೆಳೆದ ಆ ಎತ್ತುಗಳ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಅಲ್ಲಿಗೆ ಒಂದೇ ರೈಲಿನಲ್ಲಿ ಹೋದೆವು. ಒಬ್ಬರ ಚೀಟಿಯನ್ನು ಒಬ್ಬರು ನೋಡದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತಿದ್ದೆವು.

ಈರುಳ್ಳಿ ಕೊಂಡ ಮೇಲೆ ನಾವು ಎಡವಿದೆವು. ಮುಂದಿನ ಚೀಟಿಯು ತರೀಕೆರೆಯ ಕಡೆಗೆ ಕೈತೋರಿಸುತ್ತಿದ್ದಿತು. ನಾವು ಮೈಸೂರಿನಲ್ಲಿ ಬೆಳೆದವರು. ರೈಲಿನಲ್ಲಿ ಬಂದವರು ರೈಲಿನಲ್ಲಿಯೇ ಹೋಗಬಹುದೆಂದು ಮೊಮ್ಮಗನೊಡನೆ ನಿಲ್ದಾಣದ ಬೆಂಚಿನ ಮೇಲೆ ಕುಳಿತುಬಿಟ್ಟೆವು. ಅಜ್ಜಂಪುರವಿರುವುದು ಹುಬ್ಬಳ್ಳಿಯ ದಾರಿಯಲ್ಲಿ, ತರೀಕೆರೆಯಿರುವುದು ಶಿವಮೊಗ್ಗದ ಕವಲಿನಲ್ಲಿ. ರೈಲನ್ನು ನಂಬಿದವನು ಹಿಂದಿರುಗಿ ಬೀರೂರಿಗೆ ಹೋಗಿ ಗಾಡಿ ಬದಲಿಸಬೇಕು. ಭಾವನವರು ಬೀರೂರಿನವರು, ಆ ಹಳಿಗಳು ಅವರಿಗೆ ಅಂಗೈಯ ರೇಖೆಗಳಿದ್ದಂತೆ. ಅವರು ಸುಮ್ಮನೆ ಬಸ್ಸು ಹತ್ತಿ ಹೊರಟುಹೋಗಿದ್ದರೆ ಪಂದ್ಯವು ಅಲ್ಲಿಯೇ ಮುಗಿಯುತ್ತಿದ್ದಿತು. ಹಾಗೆ ಮಾಡದೆ, ಉಬ್ಬಸಪಡುತ್ತ ನಿಲ್ದಾಣದವರೆಗೂ ನಡೆದು ಬಂದು, “ರಾಯರೇ, ಇಲ್ಲಿ ಕುಳಿತರೆ ಸಂಜೆಯಾದೀತು. ಏಳಿ, ಬಸ್ಸಿದೆ” ಎಂದರು. ಇದನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ನಾವು ಇಟ್ಟುಕೊಳ್ಳಲಿಲ್ಲ.

ಒಂದು ಅಮೃತದಿಂದ ಇನ್ನೊಂದು ಅಮೃತಕ್ಕೆ ಹೋಗೆಂದು ಚೀಟಿಯು ಕರೆದಿದ್ದುದು ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ. ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಕಟ್ಟಿಸಿದನು. ಮುಂದೆ ರೂವಾರಿಗಳಲ್ಲಿ ಮಹಾಪ್ರಸಿದ್ಧನಾದ ಮಲ್ಲಿತಮ್ಮನು ತನ್ನ ಕಸುಬಿನ ಮೊದಲ ದಿನಗಳಲ್ಲಿ ಇಲ್ಲಿಯ ಮಂಟಪದ ಗುಮ್ಮಟದಂತಹ ಛತ್ತುಗಳನ್ನು ಕಡೆದನು. ಇಲ್ಲಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಮಂಟಪದ ಸುತ್ತಿನ ಗಿಡ್ಡಗೋಡೆಯಲ್ಲಿ 140 ಚಿತ್ರಫಲಕಗಳಿವೆ. ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆ 25, ಭಾರತದ ಕಥೆ 45. ತೆಂಕಣ ಗೋಡೆಯ 70 ಫಲಕಗಳೂ ರಾಮಾಯಣದವು. ಬಡಗಣ ಕಥೆಗಳು ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತವೆ. ರಾಮಾಯಣವು ಮಾತ್ರ, ಹೊಯ್ಸಳರ ವಾಡಿಕೆಗೆ ವಿರೋಧವಾಗಿ, ಅಪ್ರದಕ್ಷಿಣವಾಗಿ ಸಾಗುತ್ತದೆ. ಹುಡುಗರ ಪ್ರಶ್ನೆಯಿದ್ದುದೂ ಇಲ್ಲಿಯೇ: ರಾಮಕಥೆಯ ಮೊದಲ ಚಿತ್ರವು ಗೋಡೆಯ ಯಾವ ತುದಿಯಲ್ಲಿದೆ?

ಹಿಂದೊಮ್ಮೆ ಬಂದಿದ್ದಾಗ ಈ ವಿಚಾರವನ್ನು ನಾವು ತಿಳಿದುಕೊಂಡಿದ್ದೆವು; ಉತ್ತರವನ್ನು ಕ್ಷಣದಲ್ಲಿ ಬರೆದುಕೊಂಡೆವು. ಭಾವನವರ ಮೊಮ್ಮಗಳು ಎಲ್ಲರಂತೆ ಪ್ರದಕ್ಷಿಣೆ ಹೊರಟು, ಚಿತ್ರದಿಂದ ಚಿತ್ರಕ್ಕೆ ಹುಬ್ಬುಗಂಟಿಕ್ಕುತ್ತ ಬಂದು, ನಮ್ಮ ಪಂಚೆಯ ಅಂಚನ್ನು ಹಿಡಿದು, “ಚಿಕ್ಕತಾತ, ಕಥೆ ಹಿಂದುಮುಂದಾಗಿದೆಯಲ್ಲಾ, ನಾನು ಶುರುಮಾಡಿದ್ದು ಸರಿಯೇ?” ಎಂದಳು. ಕೇಳುವುದಕ್ಕೆ ನಿಬಂಧನೆಯ ಅಡ್ಡಿಯಿರಲಿಲ್ಲ, ಹೇಳುವುದಕ್ಕೂ ಇರಲಿಲ್ಲ. ನಾವು ನಕ್ಕು, “ನೀನೇ ನೋಡು, ಮಗು” ಎಂದೆವು.

ಸುಳ್ಳಾಡಲಿಲ್ಲವೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡೆವು. ಆಚೆಯ ಗೋಡೆಯ ಮೇಲೆ ಭಾರತದ ಕಥೆಯಿದೆ. ಅರ್ಧ ಸತ್ಯವನ್ನಾಡಿದ ಧರ್ಮರಾಯನ ರಥವು ಆ ಗಳಿಗೆಯೇ ನೆಲವನ್ನು ಮುಟ್ಟಿತೆಂಬುದು ನಮಗೆ ಗೊತ್ತಿಲ್ಲದುದಲ್ಲ. ನಮ್ಮ ಬಸ್ಸಿನ ಚಕ್ರಗಳು ಮೊದಲಿನಿಂದಲೂ ನೆಲದ ಮೇಲೆಯೇ ಇದ್ದುದರಿಂದ ನಮಗೆ ಅಂತಹ ಎಚ್ಚರಿಕೆಯೇನೂ ದೊರೆಯಲಿಲ್ಲ.

ತರೀಕೆರೆಯಲ್ಲಿ ಅಡಕೆ ಕೊಂಡು, ಕಡೂರಿಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದೆವು. ಹೀಗಾಗಿ ಓಟದಲ್ಲಿ ಸರಿಸಮ; ಗೆಲವು ಒಂದು ಉತ್ತರದ ಮೇಲೆ ನಿಂತಿತು. ಹುಡುಗಿಯದು ತಪ್ಪಾಗಿದ್ದಿತು. ಅತ್ತೆಯವರು ಜರಿಯಂಚಿನ ಶಲ್ಯವನ್ನು ತಂದು ನಮ್ಮ ಹೆಗಲಿಗೆ ಹಾಕಿದರು. 40 ವರ್ಷಗಳಿಂದ ಕಾದಿದ್ದ ಗಳಿಗೆ! ಹುಡುಗಿಯು ಮಾತ್ರ ಅಳಲಿಲ್ಲ. “ನಾನು ಕೊನೆಯಿಂದ ಓದಿಬಿಟ್ಟೆ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಮಾತನ್ನು ಕೇಳಿದ ಮೇಲೆ ಶಲ್ಯವು ಹೆಗಲ ಮೇಲೆ ನಿಲ್ಲಲೊಲ್ಲದು. ನಡೆದುದನ್ನು ಎಲ್ಲರೆದುರಿಗೆ ಹೇಳಿಬಿಟ್ಟೆವು.

ಭಾವನವರು ಎಲೆಗೆ ಸುಣ್ಣ ಸವರುತ್ತಿದ್ದರು. ತಲೆಯೆತ್ತದೆಯೇ, “ಮಗು ಕೇಳಿದಾಗ ನಾನು ಕಂಬದ ಹಿಂದೆಯೇ ಇದ್ದೆ, ರಾಯರೇ. ಉತ್ತರ ನನಗೂ ತಿಳಿಯದು. ನಿಮಗೆ ತಿಳಿದಿದೆಯೆಂಬುದನ್ನು ನಿಮ್ಮ ಮುಖವೇ ಹೇಳುತ್ತಿದ್ದಿತು. ಹೇಳುವಿರೆಂದು ಬಸ್ಸು ಇಳಿಯುವವರೆಗೂ ಕಾದೆ” ಎಂದರು. ಸ್ವಲ್ಪ ತಡೆದು, “ಈಗ ಹೇಳಿದಿರಲ್ಲ, ಇರಲಿ” ಎಂದು ನಮ್ಮ ಕೈಗೆ ಆ ಎಲೆಯನ್ನಿತ್ತರು.

ಬೆಂಚಿನ ಮೇಲೆ ಕುಳಿತಿದ್ದ ನಮ್ಮಲ್ಲಿ ಅವರು ಬಂಧುವನ್ನು ಕಂಡರು. ಪ್ರಶ್ನೆ ಹಿಡಿದು ಬಂದ ಮಗುವಿನಲ್ಲಿ ನಾವು ಎದುರಾಳಿಯನ್ನು ಕಂಡೆವು. ಆ ದಿನದ ಹುಡುಕಾಟದಲ್ಲಿ ಹೊಸದಾಗಿ ಸಿಕ್ಕಿದುದು ಇದೊಂದೇ.

ಮನೆಗಳಲ್ಲಿ ಈ ಆಟವನ್ನು ಹೂಡಬಯಸುವ ವಾಚಕರಿಗೆ ಎರಡು ಮಾತು. ಹಳೆಯ ಗುಡಿಗಳಲ್ಲಿ ಕಣ್ಣಿನಿಂದ ಹುಡುಕುವಂತಹ ಪ್ರಶ್ನೆಗಳನ್ನೇ ಹಾಕಿರಿ, ಕೈಯಿಂದ ಮುಟ್ಟುವಂತಹುದು ಬೇಡ. ಪ್ರತಿಯೊಬ್ಬ ಹಿರಿಯರ ಜೊತೆಗೆ ಎದುರು ಪಕ್ಷದ ಮಗುವೊಂದನ್ನು ಕಳುಹಿಸಿರಿ; ನಮ್ಮ ಹುಡುಗರಿಗೆ ಇದು ಹೊಳೆಯಲಿಲ್ಲ.

ಶಲ್ಯವು ಈಗ ಅತ್ತೆಯವರ ಪೆಟ್ಟಿಗೆಯಲ್ಲಿದೆ. ಬರುವ ಸಂಕ್ರಾಂತಿಗೆ ಹುಡುಗಿಯನ್ನು ಕರೆದುಕೊಂಡು ಅಮೃತಾಪುರಕ್ಕೆ ಹೋಗುವುದಾಗಿ ಮಾತು ಕೊಟ್ಟಿದ್ದೇವೆ. ಈ ಸಲ ರಾಮಕಥೆಯನ್ನು ಮೊದಲಿನಿಂದ ಓದಬೇಕಂತೆ. ಬಸ್ಸಿನ ವೇಳೆಯನ್ನು ವಿಚಾರಿಸುವ ಹೊಣೆಯನ್ನು ಭಾವನವರೇ ವಹಿಸಿಕೊಂಡಿದ್ದಾರೆ.