ದಾಸ್ತಾನು ಎಣಿಸದವರ ಲೆಕ್ಕ

ಕಡಲಿಗೆ ಬೆಲೆ ಕಟ್ಟುವ ಕೆಲಸಕ್ಕೆ ಈಗ ಸುಗ್ಗಿ. ಜಗತ್ತಿನ ಕೆಲ್ಪ್ ಕಾಡುಗಳಿಂದ ಮನುಷ್ಯರಿಗೆ ವರ್ಷಕ್ಕೆ ಸುಮಾರು 50,000 ಕೋಟಿ ಡಾಲರ್ ಮೌಲ್ಯದ ಉಪಕಾರವಾಗುತ್ತಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಧ್ಯಯನ ಮಾಡಿದವರ ಮೇಲೆ ನನ್ನ ತಕರಾರಿಲ್ಲ. ಆ ಅಂಕಿಯನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು, ಅದೇ ಕಾಡಿಗೆ ಮುಳುಗಿ ವರ್ಷವರ್ಷವೂ ಎಣಿಸುವವರ ಎದುರು ಮಾತ್ರ ಕೈ ಬಿಗಿ ಹಿಡಿಯುವವರ ಮೇಲೆ ತಕರಾರು.

ಕೆಲ್ಪ್ ಎಂದರೆ ತಣ್ಣನೆಯ ಕಡಲಿನ ದೈತ್ಯ ಕಂದು ಪಾಚಿ. ಬಂಡೆಯನ್ನು ಕಚ್ಚಿ ಹಿಡಿದು, ಅಡಿಕೆ ಮರವನ್ನೂ ಮೀರಿಸಿ ನೀರಿನ ಮೇಲ್ಮೈವರೆಗೆ ಬೆಳೆಯುತ್ತದೆ. ಮೀನು, ಏಡಿ, ಚಿಪ್ಪುಜೀವಿಗಳಿಗೆ ಅದೇ ಮನೆ, ಅದೇ ಊಟ. ನಮ್ಮ ಕಾರವಾರ, ಮಂಗಳೂರಿನ ನೀರು ಅದಕ್ಕೆ ತೀರಾ ಬೆಚ್ಚಗೆ. ನಾನಿರುವ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಅದು ಧಾರಾಳವಾಗಿತ್ತು. ರಾಜ್ಯದ ಉತ್ತರ ಭಾಗದಲ್ಲಿ ಕೆಲವೇ ವರ್ಷಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾಯಿತು.

ಹೇಗೆ ನಾಶವಾಯಿತು ಎಂಬುದು ನಮಗೆ ಗೊತ್ತಿರುವುದೇ ಎಣಿಸುವವರಿದ್ದ ಕಾರಣ. 2013ರಲ್ಲಿ ನಕ್ಷತ್ರ ಮೀನುಗಳು ರೋಗ ಬಂದು ಕರಗಿಹೋಗತೊಡಗಿದವು. ಮೈತುಂಬ ಮುಳ್ಳಿರುವ ನೇರಳೆ ಅರ್ಚಿನ್‌ಗಳನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಸೂರ್ಯಕಾಂತಿ ನಕ್ಷತ್ರ ಮೀನು ಅಲ್ಲಿಂದ ಕಣ್ಮರೆಯಾಯಿತು. 2014ರಿಂದ 2016ರವರೆಗೆ ಸಮುದ್ರದ ನೀರು ಅತಿಯಾಗಿ ಕಾದು ಕೆಲ್ಪ್ ಸೊರಗಿತು. ಬಂಡೆಯ ಬಿರುಕುಗಳಿಂದ ಹೊರಬಂದ ಅರ್ಚಿನ್‌ಗಳು ಉಳಿದದ್ದನ್ನು ಮೇಯ್ದವು. ಕೆಲ್ಪ್ ತಿಂದು ಬದುಕುವ ಅಬಲೋನಿಗಳು ಹಸಿವಿನಿಂದ ಸತ್ತವು. 2018ರಲ್ಲಿ ಅವುಗಳನ್ನು ಹಿಡಿಯುವುದನ್ನೇ ಅಲ್ಲಿ ನಿಲ್ಲಿಸಬೇಕಾಯಿತು. ಸರ್ಕಾರಿ ಮುಳುಗುಗಾರರು ಮತ್ತು ರೀಫ್ ಚೆಕ್ ಸಂಸ್ಥೆಯ ಸ್ವಯಂಸೇವಕರು ಅಳತೆ ಟೇಪು ಹಾಸಿ, ಅದರ ಎರಡೂ ಬದಿ ಕಂಡದ್ದನ್ನು ನೀರೊಳಗೇ ಹಲಗೆಯ ಮೇಲೆ ಬರೆದುಕೊಳ್ಳದಿದ್ದರೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ತಿಳಿಯುತ್ತಿರಲಿಲ್ಲ.

ನನ್ನ ಕಸುಬಿನಲ್ಲಿ ಒಂದು ಹಳೆಯ ನಿಯಮವಿದೆ. ದಾಸ್ತಾನು ದೊಡ್ಡದಿದ್ದರೆ ಲೆಕ್ಕಪರಿಶೋಧಕ ಗೋದಾಮಿಗೆ ಹೋಗಿ ಎಣಿಕೆಯನ್ನು ಕಣ್ಣಾರೆ ನೋಡಬೇಕು. ಬೆಲೆಯ ಮಾತು ಆಮೇಲಿನದು. ಕಿರಾಣಿ ಸಗಟು ಅಂಗಡಿಗೆ ಅನ್ವಯಿಸುವ ಈ ನಿಯಮ 50,000 ಕೋಟಿ ಡಾಲರಿನ ಕಾಡಿಗೆ ಏಕೆ ಬೇಡ?

ಉಪಗ್ರಹವಿದೆಯಲ್ಲ ಎನ್ನುತ್ತಾರೆ. ಇದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ 1984ರಿಂದೀಚಿನ ಕೆಲ್ಪ್ ನಕ್ಷೆ ಸಿಗುತ್ತದೆ, ಅದು ದೊಡ್ಡ ಸಂಪತ್ತು. ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಮೇಲೆ ತೇಲುವ ಎಲೆ ಮಾತ್ರ. ಅರ್ಚಿನ್‌ಗಳು ಆಹಾರವಿಲ್ಲದೆಯೂ ಟೊಳ್ಳು ಹೊಟ್ಟೆಯಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಬೋಳು ಬಂಡೆಯ ಮೇಲೆ ಅವು ಕಾದು ಕೂತಿವೆಯೋ ಇಲ್ಲವೋ ಎಂಬುದನ್ನು ಕೆಳಗಿಳಿದವನೇ ಹೇಳಬೇಕು.

ಎಣಿಸುತ್ತ ಕೂತರೆ ಕಾಡು ಬೆಳೆದೀತೇ, ಆ ದುಡ್ಡಿನಲ್ಲಿ ಸಸಿ ನೆಡಬಾರದೇ ಎನ್ನುವವರೂ ಇದ್ದಾರೆ. ಕೆಳಗೆ ಎಷ್ಟು ಅರ್ಚಿನ್ ಇವೆ ಎಂದು ತಿಳಿಯದೆ ಕೆಲ್ಪ್ ನೆಟ್ಟರೆ ಅವಕ್ಕೆ ಮೇವು ಹಾಕಿದಂತೆ. ನೆಡುವ ದಿನ ಫೋಟೊ ತೆಗೆಯುವವರು ಬರುತ್ತಾರೆ. ಐದನೇ ವರ್ಷ ಎಷ್ಟು ಉಳಿಯಿತು ಎಂದು ನೋಡಲು ಯಾರೂ ಬರುವುದಿಲ್ಲ.

ಎಣಿಕೆಗೆ ದೀರ್ಘಕಾಲ ಬೇಕು, ಅನುದಾನ ಬರುವುದು ಮೂರೋ ಐದೋ ವರ್ಷಕ್ಕೆ. ನಕ್ಷತ್ರ ಮೀನಿನ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು 2025ರಲ್ಲಿ, ಸಾವು ಶುರುವಾಗಿ 12 ವರ್ಷಗಳ ಮೇಲೆ. ಚಾನೆಲ್ ದ್ವೀಪಗಳ ರಾಷ್ಟ್ರೀಯ ಉದ್ಯಾನದಲ್ಲಿ 1982ರಿಂದ ವರ್ಷ ತಪ್ಪದೆ ಮುಳುಗಿ ಲೆಕ್ಕ ಇಡುತ್ತ ಬಂದಿದ್ದಾರೆ. ಅಂಥ ಕಡೆ ಮಾತ್ರ ಆರಂಭಿಕ ಶಿಲ್ಕು ಎಷ್ಟೆಂದು ಹೇಳಬಹುದು. ಉಳಿದೆಡೆ ಪ್ರತಿ ತಲೆಮಾರೂ ತಾನು ಎಳವೆಯಲ್ಲಿ ಕಂಡದ್ದನ್ನೇ ಪೂರ್ತಿ ಕಾಡು ಎಂದು ನಂಬುತ್ತದೆ. ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲೇ ಈ ಮರೆವಿನ ಬಗ್ಗೆ ಎಚ್ಚರಿಸಿದ್ದರು.

ಊರಿನ ಓದುಗರಿಗೆ ಇದು ದೂರದ ಮಾತಲ್ಲ. ಬೂತಾಯಿ ಯಾವ ವರ್ಷ ಹೆಚ್ಚಿತು, ಯಾವಾಗ ಕುಸಿಯಿತು ಎಂದು ಇಂದು ಹೇಳಲು ಸಾಧ್ಯವಾಗಿರುವುದು, ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ದಕ್ಕೆಗಳಲ್ಲಿ ನಿಂತು ಇಳಿದ ಮೀನನ್ನು ಲೆಕ್ಕ ಹಾಕುತ್ತ ಬಂದಿರುವುದರಿಂದ. ಆ ಕೆಲಸಕ್ಕೂ ಶಾಲು, ಹಾರ ಸಿಗುವುದು ಅಪರೂಪ.

ಕಡಲ ಕಾಡು ಮರಳಿ ಬೆಳೆಸುತ್ತೇವೆ ಎನ್ನುವ ಪ್ರತಿ ಯೋಜನೆಯೂ ನೆಡುವ ಮುಂಚಿನ ಎಣಿಕೆಗೂ ಮುಂದಿನ ಹತ್ತು ವರ್ಷದ ಎಣಿಕೆಗೂ ಹಣವನ್ನು ಮೊದಲೇ ತೆಗೆದಿರಿಸಬೇಕು. ಬೆಲೆ ಪ್ರಕಟಿಸುವವರು ಕೊನೆಯ ಎಣಿಕೆಯ ದಿನಾಂಕವನ್ನೂ ಅದೇ ಪುಟದಲ್ಲಿ ಅಚ್ಚು ಹಾಕಬೇಕು. ಇಲ್ಲಿರುವ ನಮ್ಮಲ್ಲಿ ಅನೇಕರು ಪರಿಸರ ಸಂಸ್ಥೆಗಳಿಗೆ ದೇಣಿಗೆ ಕೊಡುತ್ತೇವೆ, ಎಷ್ಟೋ ಕಂಪನಿಗಳು ಅಷ್ಟೇ ಮೊತ್ತವನ್ನು ಸೇರಿಸಿಯೂ ಕೊಡುತ್ತವೆ. ಚೆಕ್ಕಿಗೆ ಸಹಿ ಹಾಕುವ ಮೊದಲು ಕೇಳಿ: ಕೊನೆಯ ಸಲ ಕೆಳಗಿಳಿದು ಎಣಿಸಿದ್ದು ಯಾವಾಗ? ಉತ್ತರ ಬರುವವರೆಗೆ ಪೆನ್ನು ಜೇಬಿನಲ್ಲಿರಲಿ.