ಕಂಬದ ಕೆಳಗೆ ನಿಲ್ಲೋ ಇಬ್ಬರು

ಅಮೆರಿಕದ ಎನ್‌ಎಫ್‌ಎಲ್ ಪಂದ್ಯ ನೋಡೋರು ಗಮನಿಸಿರ್ತೀರಿ. ಫೀಲ್ಡ್ ಗೋಲ್ ಒದೆಯೋ ಮುಂಚೆ ಇಬ್ಬರು ತೀರ್ಪುಗಾರರು ಗೋಲಿನ ಹಿಂದೆ ಹೋಗಿ ಕಂಬಕ್ಕೊಬ್ಬರಂತೆ ನಿಲ್ತಾರೆ. ಕತ್ತೆತ್ತಿ ನೋಡೋದಷ್ಟೇ ಕೆಲಸ, ಇದೇನ್ ಮಹಾ ಅನ್ನಿಸಬಹುದು...

1965ರ ಡಿಸೆಂಬರ್ 26ರಂದು, ಗ್ರೀನ್ ಬೇ - ಬಾಲ್ಟಿಮೋರ್ ಪ್ಲೇಆಫ್‌ನಲ್ಲಿ ಅಲ್ಲಿ ನಿಂತಿದ್ದವರು ಒಬ್ಬರೇ. ಡಾನ್ ಚಾಂಡ್ಲರ್ ಒದ್ದ ಚೆಂಡು ಕಂಬದ ತುದಿಗಿಂತ ಮೇಲೆ ಹಾರಿತು. ಒಳಗೆ ಅಂತ ತೀರ್ಪು ಬಂತು, ಸ್ಕೋರು 10-10 ಆಯ್ತು, ಓವರ್‌ಟೈಮಲ್ಲಿ ಗ್ರೀನ್ ಬೇ ಗೆದ್ದುಬಿಡ್ತು. ಬಾಲ್ಟಿಮೋರಿನವರ ಪ್ರಕಾರ ಅದು ಹೊರಗೇ ಹೋಗಿತ್ತು! ಮುಂದಿನ ವರ್ಷ ಕಂಬಗಳನ್ನ ಎತ್ತರ ಮಾಡಿದ್ರು, ಇನ್ನೊಬ್ಬ ತೀರ್ಪುಗಾರರನ್ನೂ ನಿಲ್ಲಿಸಿದ್ರು.

ನನ್ನ ಕೇಳಿದ್ರೆ ಕಂಬಕ್ಕಿಂತ ಆ ಎರಡನೇ ಮನುಷ್ಯನೇ ದೊಡ್ಡ ಸುಧಾರಣೆ. ಎರಡು ಕಂಬಗಳ ನಡುವೆ 18 ಅಡಿ 6 ಅಂಗುಲ. ಒಬ್ಬರೇ ಮಧ್ಯೆ ನಿಂತ್ರೆ ಎರಡನ್ನೂ ಓರೆಯಾಗೇ ನೋಡಬೇಕು. ಕಂಬದ ಬುಡದಲ್ಲಿ ನೆಟ್ಟಗೆ ನಿಂತವರಿಗಷ್ಟೇ ಒಳಗೋ ಹೊರಗೋ ಗೊತ್ತಾಗೋದು.

2012ರಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಜಸ್ಟಿನ್ ಟಕರ್ ಕೊನೇ ಗಳಿಗೆಯಲ್ಲಿ ಒದ್ದದ್ದೂ ತುದಿಯ ಮೇಲೇ ಹೋಯ್ತು, ಪೇಟ್ರಿಯಟ್ಸ್ 31-30ರಲ್ಲಿ ಸೋತ್ರು. 2014ರಲ್ಲಿ ಕಂಬ ಮತ್ತೆ 5 ಅಡಿ ಬೆಳೀತು. ಬೆಳೀಲಿ ಬಿಡಿ. ಆದ್ರೆ ಮೂಲೆಯಿಂದ ತೆಗೆದ ಟೀವಿ ಚಿತ್ರ ತೋರಿಸಿ ಕೆಳಗೆ ನಿಂತವರನ್ನ ಬೈಯೋದು ಅನ್ಯಾಯ. ನೀವೇನಂತೀರಿ?